ಓದಲು ವಿದೇಶಕ್ಕೆ ಹೊರಟವರ ಕೈಚೀಲದಲ್ಲಿ ಇರಬೇಕಾದ ಕಾಗದಗಳು

ಕೊಪ್ಪಳ, ಬಳ್ಳಾರಿ ಕಡೆಯವರು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ವಿಮಾನ ಹಿಡಿಯುತ್ತಾರೆ, ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ಮನೆಯಲ್ಲಿ ಒಂದು ಹಾಳೆ ಉಳಿದರೆ ತಮ್ಮನನ್ನು ಬೈಕಿನಲ್ಲಿ ಓಡಿಸಿ ತರಿಸುವ ದೂರವಲ್ಲ ಅದು. ಆದ್ದರಿಂದ ಫೈಲ್ ಜೋಡಿಸುವ ಕೆಲಸ ಅರ್ಜಿ ಹಾಕುವ ಮೊದಲೇ ಶುರುವಾಗಲಿ, ಅದೂ ಹೆಸರಿನಿಂದ.

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಬಸವರಾಜ ಹೆಚ್.’, ಆಧಾರ್‌ನಲ್ಲಿ ಬರೀ ‘ಬಸವರಾಜ’, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಇರುವುದು ಮಾಮೂಲು. ಹಾಗೆ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಬಸವರಾಜ ಎಂಬುದೇ ಅಡ್ಡಹೆಸರಾಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ಅದರಿಂದ ಪ್ರಯಾಣ ನಿಲ್ಲುವುದಿಲ್ಲ, ಆದರೆ ಆಮೇಲೆ ಬ್ಯಾಂಕು, ಡ್ರೈವಿಂಗ್ ಲೈಸೆನ್ಸ್ ಎಲ್ಲೆಡೆಯೂ ಬೆನ್ನು ಬೀಳುತ್ತದೆ. ಇನಿಷಿಯಲ್ಲನ್ನು ಪೂರ್ತಿ ಹೆಸರಾಗಿ ಬರೆಸಿ ಪಾಸ್‌ಪೋರ್ಟ್ ಮರುವಿತರಣೆ ಮಾಡಿಸುವುದಿದ್ದರೆ ಕಾಲೇಜಿಗೆ ಅರ್ಜಿ ಹಾಕುವ ಮುಂಚೆಯೇ ಮಾಡಿಸಿ. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಬೇಕು. ಏಜೆಂಟ್ ಪ್ರೀತಿಯಿಂದ ಅಪ್ಪನ ಹೆಸರು ಸೇರಿಸಹೋದರೆ ಬೇಡವೆನ್ನಿ.

ಅಮೆರಿಕದ ವಿದ್ಯಾರ್ಥಿ ವೀಸಾ, ಅಂದರೆ ಎಫ್-1 ವೀಸಾದವರು ಕೈಚೀಲದಲ್ಲೇ ಇಡಬೇಕಾದದ್ದು: ಕನಿಷ್ಠ 6 ತಿಂಗಳು ಅವಧಿ ಉಳಿದಿರುವ ಪಾಸ್‌ಪೋರ್ಟ್, ನೀವೂ ಸಹಿ ಹಾಕಿದ ಐ-20 (ವೀಸಾಕ್ಕಾಗಿ ಕಾಲೇಜು ಕೊಡುವ ಅರ್ಹತಾ ನಮೂನೆ), ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಮೆರಿಕ ಸರ್ಕಾರ ಇಡುವ ದಾಖಲೆ ವ್ಯವಸ್ಥೆ) ಶುಲ್ಕ 350 ಡಾಲರ್ ಕಟ್ಟಿದ ರಸೀದಿ, ಪ್ರವೇಶ ಪತ್ರ, ಸಾಲ ಮಂಜೂರಾತಿ ಪತ್ರ ಅಥವಾ ಬ್ಯಾಂಕ್ ಸ್ಟೇಟ್‌ಮೆಂಟ್, ಮೂಲ ಅಂಕಪಟ್ಟಿಗಳು. ಲಗೇಜಿಗೆ ಹಾಕಿದ ಪೆಟ್ಟಿಗೆ ಕೈಗೆ ಸಿಗುವುದು ಇಮಿಗ್ರೇಷನ್ ದಾಟಿದ ಮೇಲೆ. ಅದರಲ್ಲಿಟ್ಟ ಐ-20 ಕೌಂಟರಿನಲ್ಲಿ ಉಪಯೋಗಕ್ಕೆ ಬರದು. ಝೆರಾಕ್ಸ್ ಒಂದು ಸೆಟ್ ಪೆಟ್ಟಿಗೆಯಲ್ಲಿ, ಇನ್ನೊಂದು ಮನೆಯಲ್ಲಿ ಇರಲಿ. ಫೋನಿನಲ್ಲಿರುವ ಪಿಡಿಎಫ್ ನೆಚ್ಚಿ ಪ್ರಿಂಟ್ ಬಿಡಬೇಡಿ.

ಟಿಕೆಟ್ ಮಾಡಿಸುವಾಗ ಐ-20ಯಲ್ಲಿರುವ ಕೋರ್ಸ್ ಆರಂಭದ ದಿನಾಂಕ ನೋಡಿ. ಹೊಸ ವಿದ್ಯಾರ್ಥಿ ಅದಕ್ಕೆ 30 ದಿನಕ್ಕಿಂತ ಮುಂಚೆ ಎಫ್-1ನಲ್ಲಿ ಒಳಗೆ ಹೋಗುವಂತಿಲ್ಲ. ತಲುಪಿದ ಮೇಲೆ ಐ-94 ಎಂಬ ಆಗಮನದ ದಾಖಲೆಯನ್ನು ಆನ್‌ಲೈನಿನಲ್ಲಿ ತೆಗೆದು, ಹೆಸರೂ ಎಫ್-1 ಎಂಬುದೂ ಸರಿ ಇವೆಯೇ ನೋಡಿಕೊಳ್ಳಿ. ತಪ್ಪಿದ್ದರೆ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ತಕ್ಷಣ ತಿಳಿಸಿ.

ಬ್ರಿಟನ್ನಿನದು ಈಗ ಇ-ವೀಸಾ, ಅಂದರೆ ಆನ್‌ಲೈನಿನಲ್ಲಿರುವ ದಾಖಲೆ. ಪಾಸ್‌ಪೋರ್ಟ್ ಬದಲಾದರೆ ಹೊಸ ನಂಬರನ್ನು ಯುಕೆವಿಐ (ಬ್ರಿಟನ್ನಿನ ವೀಸಾ ಇಲಾಖೆ) ಖಾತೆಯಲ್ಲಿ ಹಾಕದೆ ಹೊರಡಬೇಡಿ. ಕೆನಡಾಕ್ಕೆ ಹೋಗುವವರ ಕೈಯಲ್ಲಿ ವೀಸಾ ಜೊತೆ ಇರುವುದು ಸ್ಟಡಿ ಪರ್ಮಿಟ್‌ನ (ಓದುವ ಪರವಾನಗಿ) ಅನುಮೋದನೆ ಪತ್ರ ಮಾತ್ರ. ನಿಜವಾದ ಸ್ಟಡಿ ಪರ್ಮಿಟ್ ಅಲ್ಲಿನ ಏರ್‌ಪೋರ್ಟಿನಲ್ಲಿ ಅಚ್ಚಾಗುತ್ತದೆ, ಅದನ್ನು ಕೇಳಿ ಪಡೆದು, ಹೆಸರು, ದಿನಾಂಕ ಓದಿ ಹೊರಬನ್ನಿ.

ರಜೆಗೆ ಊರಿಗೆ ಬರುವವರು ಐ-20ಯ 2ನೇ ಪುಟದಲ್ಲಿ ಪ್ರಯಾಣದ ಸಹಿ ಹಾಕಿಸಿಕೊಂಡೇ ಅಮೆರಿಕ ಬಿಡಬೇಕು. ಓದುತ್ತಿರುವವರಿಗೆ ಅದು ಒಂದು ವರ್ಷ, ಒಪಿಟಿಯಲ್ಲಿ (ಓದಿಗೆ ಸಂಬಂಧಿಸಿದ ಕೆಲಸ ಮಾಡಲು ಎಫ್-1ನವರಿಗೆ ಸಿಗುವ ತಾತ್ಕಾಲಿಕ ಅನುಮತಿ) ಇರುವವರಿಗೆ 6 ತಿಂಗಳು ನಡೆಯುತ್ತದೆ. ಒಪಿಟಿಯವರು ಕೆಲಸದ ಅನುಮತಿ ಕಾರ್ಡ್, ಉದ್ಯೋಗ ಪತ್ರ ಎರಡನ್ನೂ ತರಬೇಕು. ಊರಲ್ಲಿದ್ದಾಗ ಪಾಸ್‌ಪೋರ್ಟ್ ಹೊಸದು ಮಾಡಿಸಿದರೆ, ಅವಧಿ ಇರುವ ವೀಸಾ ಹಳೆಯದರಲ್ಲೇ ಉಳಿದಿರುತ್ತದೆ. ಆ ಪುಟ ಹರಿಯದೆ, ಎರಡೂ ಪಾಸ್‌ಪೋರ್ಟ್ ಒಟ್ಟಿಗೆ ಇಟ್ಟುಕೊಂಡು ಹೋಗಿ.