ಸ್ಟಾಕ್‌ಹೋಮ್‌ನಲ್ಲಿ ಬಸ್ಸಿಲ್ಲದ ಒಂದು ದಿನ: ನನ್ನ ಅನುಭವ

ಹಿರಿಯರ ಗುಂಪನ್ನು ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನಲ್ಲಿ ಬಾಡಿಗೆ ಬಸ್ಸಿಲ್ಲದೆ, ಆ ಊರಿನ ಗೈಡ್ ಒಬ್ಬರನ್ನೇ ನೆಚ್ಚಿಕೊಂಡು ಒಂದು ಇಡೀ ದಿನ ಸುತ್ತಿಸುತ್ತೇನೆ ಎಂದಾಗ ಪ್ರವಾಸ ಏರ್ಪಡಿಸುವ ನಮ್ಮ ವೃತ್ತಿಯ ಬಹುತೇಕ ಮಂದಿ ಬೇಡವೆಂದರು. ಅರವತ್ತೈದು ದಾಟಿದವರು ಕಲ್ಲುಹಾಸಿನ ಬೀದಿಗಳಲ್ಲಿ ನಡೆಯಲಾರರು, ಮಧ್ಯಾಹ್ನದೊಳಗೆ ದೂರು ಶುರುವಾಗುತ್ತದೆ ಎಂಬುದು ಅವರ ವಾದವಾಗಿತ್ತು. ಕಳೆದ ಜೂನ್‌ನಲ್ಲಿ ಮೈಸೂರಿನ ಒಂಬತ್ತು ಮಂದಿಯನ್ನು ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಹಾಗೆಯೇ ಸುತ್ತಿಸಿ, ಎಲ್ಲರನ್ನೂ ನಗುಮುಖದಿಂದ ಹೋಟೆಲಿಗೆ ಕರೆತಂದಿದ್ದೇನೆ. ವೀಸಾ, ವಿಮೆ, ಹೋಟೆಲುಗಳ ವಿಚಾರ ನಿಮಗೆಲ್ಲ ಗೊತ್ತಿರುವುದರಿಂದ ಆ ಒಂದು ದಿನದ ಮಾತನ್ನಷ್ಟೇ ಬರೆಯುತ್ತೇನೆ.

ಇದಕ್ಕೆ ಮೊದಲು ಮೂರು ಸಲ ಕೈ ಸುಟ್ಟುಕೊಂಡಿದ್ದೆ. ಮೊದಲ ಸಲ ಎಂಟು ಗಂಟೆಯ ಬಸ್ಸಿಗೆ ಸುಮಾರು 12,000 ಕ್ರೋನಾ, ಅಂದರೆ ಒಂದು ಲಕ್ಷ ರೂಪಾಯಿಯ ಹತ್ತಿರ ಕೊಟ್ಟೆ. ಹದಿನಾಲ್ಕು ದ್ವೀಪಗಳ ಮೇಲೆ ಹರಡಿದ ಊರನ್ನು ಗಾಜಿನ ಆಚೆಯಿಂದ ನೋಡಿದ್ದಾಯಿತು. ಹಳೆಯ ಪಟ್ಟಣವಾದ ಗಮ್ಲಾ ಸ್ತಾನ್‌ನ ಗಲ್ಲಿಗಳಿಗೆ ಬಸ್ ನುಗ್ಗುವುದಿಲ್ಲವಾದ್ದರಿಂದ ಅಲ್ಲಿ ನಡೆಯುವುದೂ ತಪ್ಪಲಿಲ್ಲ. ಎರಡನೆಯ ಸಲ, ಕೊನೆಯಲ್ಲಿ ಗೈಡ್‌ಗೆ ಮನಸ್ಸಿಗೆ ಬಂದಷ್ಟು ಕೊಡುವ ನಡಿಗೆಗೆ ನಮ್ಮವರನ್ನು ಸೇರಿಸಿದೆ. ಮೂವತ್ತು ಜನರ ಹಿಂದೆ ನಿಂತ ನಮ್ಮವರಿಗೆ ಏನೂ ಕೇಳಿಸಲಿಲ್ಲ, ಒಬ್ಬ ತಾಯಿ ಗಲ್ಲಿಯಲ್ಲಿ ತಪ್ಪಿಸಿಕೊಂಡು ಮುಕ್ಕಾಲು ಗಂಟೆ ಹುಡುಕಬೇಕಾಯಿತು. ಮೂರನೆಯ ಸಲ ಒಳ್ಳೆಯ ಗೈಡ್ ಸಿಕ್ಕರೂ ನನ್ನ ವೇಳಾಪಟ್ಟಿ ಕೆಟ್ಟಿತ್ತು. ಪುರಭವನದ ಒಳಗೆ ಅಲ್ಲಿನವರದೇ ಗೈಡೆಡ್ ಟೂರ್‌ನಲ್ಲಿ ಮಾತ್ರ ಬಿಡುತ್ತಾರೆ. ಆ ಬೆಳಗಿನ ಟಿಕೆಟ್ ಮುಗಿದಿದ್ದವು, ಗಂಟೆಗೆ ಸಾವಿರ ಕ್ರೋನಾದ ಗೈಡ್ ನಮ್ಮೊಂದಿಗೆ ಅಂಗಳದಲ್ಲಿ ಸುಮ್ಮನೆ ನಿಂತಿದ್ದರು.

ಈ ಸಲ ಪುರಭವನದ ಮೊದಲ ಟೂರ್‌ಗೆ ಮುಂಚೆಯೇ ಟಿಕೆಟ್ ತೆಗೆದಿಟ್ಟೆ. 1923ರಲ್ಲಿ ತೆರೆದ ಈ ಕಟ್ಟಡದ ನೀಲಿ ಸಭಾಂಗಣದಲ್ಲಿ ನೀಲಿಯೇ ಇಲ್ಲ. ವಾಸ್ತುಶಿಲ್ಪಿ ರಾಗ್ನರ್ ಓಸ್ಟ್‌ಬೆರ್ಗ್ ಕೆಂಪು ಇಟ್ಟಿಗೆಯ ಚೆಲುವಿಗೆ ಮನಸೋತು ನೀಲಿ ಹಚ್ಚುವುದನ್ನು ಕೈಬಿಟ್ಟರು, ಹೆಸರು ಮಾತ್ರ ಉಳಿಯಿತು. ಅಲ್ಲಿಂದ ಟಿ-ಸೆಂಟ್ರಾಲೆನ್‌ಗೆ ನಡೆದು, ನೀಲಿ ಬಳ್ಳಿಗಳ ಚಿತ್ರ ಬರೆದ ಗುಹೆಯಂಥ ಮೆಟ್ರೊ ಪ್ಲಾಟ್‌ಫಾರ್ಮ್‌ನಲ್ಲಿ ಹತ್ತು ನಿಮಿಷ ಕೂತೆವು. ಕಾಲಿಗೆ ವಿಶ್ರಾಂತಿ, ಕಣ್ಣಿಗೆ ಕೆಲಸ. ನನ್ನ ಕ್ರಮದ ತಿರುಳೇ ಇದು: ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಒಂದೇ ಸಮನೆ ನಡೆಸಬಾರದು, ಗೈಡ್ ಕಥೆ ಹೇಳುವುದೆಲ್ಲ ಬೆಂಚು ಇರುವ ಜಾಗದಲ್ಲೇ ಆಗಬೇಕು. ಇದಕ್ಕೆ ಒಪ್ಪುವ ಗೈಡನ್ನು ಆರಿಸಲು ಮೊದಲ ಫೋನ್‌ನಲ್ಲೇ ಒಂದು ಪ್ರಶ್ನೆ ಕೇಳುತ್ತೇನೆ. ಆ ಪ್ರಶ್ನೆಯನ್ನು ಇಲ್ಲಿ ಹೇಳಲಾರೆ.

ಗಮ್ಲಾ ಸ್ತಾನ್‌ನ ಸ್ತೂರ್‌ತೋರ್ಯೆತ್ ಚೌಕದಲ್ಲಿ ಎಲ್ಲರನ್ನೂ ಕೂರಿಸಿ, 1520ರ ನವೆಂಬರ್‌ನಲ್ಲಿ ಡೆನ್ಮಾರ್ಕ್‌ನ ದೊರೆ ಎರಡನೆಯ ಕ್ರಿಶ್ಚಿಯನ್ ಅಲ್ಲಿಯೇ ನಡೆಸಿದ ಹತ್ಯಾಕಾಂಡವನ್ನು ನಮ್ಮ ಗೈಡ್ ತಗ್ಗಿದ ದನಿಯಲ್ಲಿ ಹೇಳಿದರು. ಒಂದು ಗಲ್ಲಿಯ ಮೂಲೆಯಲ್ಲಿ, ಮನೆಯ ಗೋಡೆಗೆ ಕಲ್ಲಾಗಿ ಸೇರಿಹೋದ ವೈಕಿಂಗರ ಕಾಲದ ಶಾಸನದ ತುಂಡನ್ನು ಬೆರಳಿಟ್ಟು ತೋರಿಸಿದಾಗ, ನಮ್ಮ ಕೆರೆಕಟ್ಟೆಗಳಿಗೆ ಹೋಗಿ ಸೇರಿದ ವೀರಗಲ್ಲುಗಳ ಮಾತು ಗುಂಪಿನಲ್ಲಿ ತಾನಾಗಿ ಬಂತು. ಬಸ್ಸಿನ ಕಿಟಕಿಯಿಂದ ಇದು ಎಂದಾದರೂ ಕಾಣುತ್ತಿತ್ತೇ? 36 ಮೆಟ್ಟಿಲುಗಳ, ತೀರ ಇಕ್ಕಟ್ಟಾದೆಡೆ 90 ಸೆಂಟಿಮೀಟರ್ ಅಗಲದ ಮೋರ್ಟೆನ್ ಟ್ರೋಟ್ಸಿಗ್ ಓಣಿಯನ್ನು ಮಂಡಿನೋವಿನವರಿಗಾಗಿ ಮೇಲಿನಿಂದಲೇ ತೋರಿಸಿದೆವು.

ಇಲ್ಲಿ ಒಂದು ಪ್ರಯೋಗವನ್ನೂ ಮಾಡಿದೆ. ಬಾಡಿಗೆಯ ಆಡಿಯೊ ಯಂತ್ರಗಳ ಬದಲು ಎಲ್ಲರ ಫೋನ್‌ಗಳನ್ನೂ ಒಂದೇ ಕರೆಗೆ ಸೇರಿಸಿ, ಗೈಡ್ ಮಾತನ್ನು ಕಿವಿಯಲ್ಲೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಬಯಲಿನಲ್ಲಿ ಸೊಗಸಾಗಿ ನಡೆಯಿತು, ಕಿವಿ ಮಂದವಾದ ಇಬ್ಬರಿಗಂತೂ ವರವಾಯಿತು. ಆದರೆ ಹತ್ತಿರ ನಿಂತವರಿಗೆ ನನ್ನ ದನಿ ಎರಡೆರಡು ಸಲ ಕೇಳಿ ಗೊಂದಲವಾಯಿತು. ಮೂರು ಹೆಜ್ಜೆ ದೂರ ನಿಂತು ಮಾತಾಡಿದರೆ ಸರಿಹೋಗುತ್ತದೆ.

ಊಟಕ್ಕೆ ವಾರದ ದಿನಗಳ ‘ಡಾಗೆನ್ಸ್ ಲುಂಚ್’ ಹಿಡಿಯಿರಿ. ತಲೆಗೆ 140 ಕ್ರೋನಾ ಆಸುಪಾಸಿನಲ್ಲಿ ಬಿಸಿ ಅಡುಗೆ, ಸಲಾಡ್, ಬ್ರೆಡ್, ಕಾಫಿ ಎಲ್ಲ ಸೇರುತ್ತವೆ. ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಇಬ್ಬರಿಗೆ ಗೊಜ್ಜವಲಕ್ಕಿ ಕಟ್ಟಿಕೊಂಡು ಹೋಗಿದ್ದೆ, ಮೊಸರು ಅಲ್ಲೇ ಕೊಂಡೆ.

ಊಟವಾದ ಮೇಲೆ ಸ್ಲುಸ್ಸೆನ್‌ನಿಂದ ಯೂರ್ಗೋರ್ಡೆನ್ ದ್ವೀಪಕ್ಕೆ ಫೆರ್ರಿ. ಊರಿನ ಸಾರಿಗೆಯ ಮಾಮೂಲಿ ಟಿಕೆಟ್ ಇದಕ್ಕೂ ನಡೆಯುತ್ತದೆ ಎಂಬುದು ಎಷ್ಟೋ ಮಂದಿಗೆ ತಿಳಿದಿಲ್ಲ. ಅವರು ಬೇರೆ ದೋಣಿ ವಿಹಾರಕ್ಕೆ ದುಡ್ಡು ಸುರಿಯುತ್ತಾರೆ. 65 ದಾಟಿದವರಿಗೆ ರಿಯಾಯಿತಿಯೂ ಇದೆ, ಪಾಸ್‌ಪೋರ್ಟ್ ಜೊತೆಗಿರಲಿ.

ವಾಸಾ ಹಡಗಿನ ವಸ್ತುಸಂಗ್ರಹಾಲಯವನ್ನು ಮೂರು ಗಂಟೆಯ ನಂತರಕ್ಕೆ ಇಟ್ಟುಕೊಂಡದ್ದು ನನ್ನ ಅತ್ಯುತ್ತಮ ನಿರ್ಧಾರ. ಮಧ್ಯಾಹ್ನದ ನೂಕುನುಗ್ಗಲು ಅಷ್ಟರಲ್ಲಿ ಇಳಿದಿತ್ತು. ಮಬ್ಬು ಬೆಳಕಿನಲ್ಲಿ ಕಪ್ಪಗೆ ಎದ್ದು ನಿಂತ ಹಡಗಿನ ಎದುರು ಎಲ್ಲರೂ ಮೌನವಾದರು. 1628ರ ಆಗಸ್ಟ್ 10ರಂದು ಮೊದಲ ಪಯಣದಲ್ಲೇ 1,300 ಮೀಟರ್‌ನಷ್ಟು ಸಾಗಿ, ಗಾಳಿಗೆ ವಾಲಿ, ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿ ಮುಳುಗಿದ ಇದನ್ನು 1961ರಲ್ಲಿ ಮೇಲೆತ್ತಿದರು. ಹೊರಡುವ ಮುನ್ನ ಮೂವತ್ತು ಆಳುಗಳನ್ನು ಅಡ್ಡಡ್ಡ ಓಡಿಸಿ ಪರೀಕ್ಷಿಸಿದಾಗಲೇ ಹಡಗು ಅಪಾಯಕರವಾಗಿ ಓಲಾಡಿತ್ತಂತೆ. ನಮ್ಮಲ್ಲಿ ಮರದ ವ್ಯಾಪಾರದಿಂದ ನಿವೃತ್ತರಾದ ಒಬ್ಬರಿದ್ದರು. “ರೀ, ಮುನ್ನೂರು ವರ್ಷ ನೀರಲ್ಲಿದ್ದ ಮರಕ್ಕೆ ಹುಳ ಹಿಡಿದಿಲ್ವಲ್ಲ, ಕೇಳಿ ಅವರನ್ನ” ಎಂದು ನನ್ನ ತೋಳು ಹಿಡಿದರು. ಬಾಲ್ಟಿಕ್ ನೀರಿನಲ್ಲಿ ಉಪ್ಪು ಕಡಿಮೆಯಾದ್ದರಿಂದ ಹಡಗು ಕೊರೆಯುವ ಹುಳು ಅಲ್ಲಿ ಬದುಕುವುದಿಲ್ಲವೆಂದೂ, ಮೇಲೆತ್ತಿದ ಮರ ಒಣಗಿ ಬಿರಿಯದಿರಲೆಂದು ಹದಿನೇಳು ವರ್ಷ ರಾಸಾಯನಿಕ ದ್ರಾವಣ ಸಿಂಪಡಿಸಿದರೆಂದೂ ಗೈಡ್ ವಿವರಿಸಿದರು. ಆ ಹಿರಿಯರು ಅರ್ಧ ಗಂಟೆ ಒಂದು ಹಲಗೆಯ ಜೋಡಣೆಯ ಎದುರಿನಿಂದ ಕದಲಲಿಲ್ಲ.

ಲೆಕ್ಕ ಹೀಗಿದೆ: ಆರು ಗಂಟೆಯ ಕೆಲಸಕ್ಕೆ ಗೈಡ್‌ಗೆ ಸುಮಾರು 6,000, ಸಾರಿಗೆಗೆ 1,200, ವಾಸಾಕ್ಕೆ 2,000, ಪುರಭವನಕ್ಕೆ 1,500, ಊಟಕ್ಕೆ 1,400 ಕ್ರೋನಾ. ಹಿಂದೆ ಬರೀ ಬಸ್ಸಿಗೆ ಕೊಟ್ಟಷ್ಟರಲ್ಲೇ ಇಡೀ ದಿನ ಮುಗಿಯಿತು. ಒಟ್ಟು ನಡಿಗೆ, ಫೋನ್ ತೋರಿಸಿದಂತೆ, ಐದು ಕಿಲೋಮೀಟರ್ ಚಿಲ್ಲರೆ. ಮುಂದಿನ ಜೂನ್‌ಗೆ ಅದೇ ಗೈಡನ್ನು ಈಗಲೇ ಗೊತ್ತುಮಾಡಿದ್ದೇನೆ. ವಾಸಾಕ್ಕೆ ಎರಡು ಗಂಟೆ ಸಾಲಲಿಲ್ಲ, ಮುಂದಿನ ಸಲಕ್ಕೆ ಎರಡೂವರೆ ಇಟ್ಟಿದ್ದೇನೆ.