ಬ್ರಷ್ ಎಳೆದರೂ ಬಣ್ಣ ಬರುತ್ತಿಲ್ವಾ? ಲೇಯರ್ ತೊಂದರೆ ಹುಡುಕುವ ಬಗೆ

ಫೋಟೋ ತಿದ್ದುವ ಸಾಫ್ಟ್‌ವೇರ್ ಫೋಟೋಶಾಪ್ ಆಗಲಿ, ಗಿಂಪ್ ಆಗಲಿ, ಲೇಯರ್ (ಚಿತ್ರದಲ್ಲಿ ಒಂದರ ಮೇಲೊಂದು ಕೂರುವ ಪದರ) ಕೈಕೊಟ್ಟ ಕೂಡಲೇ ತುಂಬಾ ಜನ ಮಾಡುವುದು ಎರಡು ಕೆಲಸ. ಸಾಫ್ಟ್‌ವೇರ್ ಮುಚ್ಚಿ ಮತ್ತೆ ತೆರೆಯುವುದು. ಅದಕ್ಕೂ ಬಗ್ಗದಿದ್ದರೆ ಯಾರೋ ಹೇಳಿದರು ಅಂತ ಪ್ರಿಫರೆನ್ಸಸ್ ರೀಸೆಟ್, ಅಂದರೆ ಸೆಟ್ಟಿಂಗ್‌ಗಳನ್ನೆಲ್ಲ ಮೊದಲಿನಂತೆ ಮಾಡುವುದು. ಸದ್ಯಕ್ಕೆ ಎರಡೂ ಬೇಡ. ಸಾಮಾನ್ಯವಾಗಿ ಸಾಫ್ಟ್‌ವೇರ್ ಸರಿಯಾಗಿಯೇ ಇರುತ್ತದೆ. ನೀವು ಹೇಳಿದ್ದನ್ನೇ ಮಾಡುತ್ತಿರುತ್ತದೆ, ಆದರೆ ನೀವು ಅಂದುಕೊಂಡ ಜಾಗ ಬಿಟ್ಟು ಇನ್ನೆಲ್ಲೋ ಮಾಡುತ್ತಿರುತ್ತದೆ. ಆ ಜಾಗ ಯಾವುದು ಅಂತ ಪತ್ತೆ ಹಚ್ಚಿದರೆ ಅರ್ಧ ಕೆಲಸ ಮುಗಿದ ಹಾಗೆ.

ಇಲ್ಲಿ ಮುಖ್ಯವಾಗಿ ಫೋಟೋಶಾಪ್ ಬಗ್ಗೆ ಬರೆದಿದ್ದೇನೆ. ಗಿಂಪ್‌ನಲ್ಲಿ ಬೇರೆ ಥರ ಇದ್ದರೆ ಅಲ್ಲಲ್ಲೇ ಹೇಳುತ್ತೇನೆ. ಬ್ರೌಸರ್‌ನಲ್ಲೇ ಫೋಟೋಪಿಯಾ ಬಳಸುವವರಿಗೂ ಫೋಟೋಶಾಪಿನ ಮಾತು ಬಹುಪಾಲು ಹೊಂದುತ್ತದೆ. ಮ್ಯಾಕ್ ಇದ್ದರೆ ಕಂಟ್ರೋಲ್ ಅಂದಲ್ಲಿ ಕಮಾಂಡ್, ಆಲ್ಟ್ ಅಂದಲ್ಲಿ ಆಪ್ಷನ್ ಅಂತ ಓದಿಕೊಳ್ಳಿ. ಲೇಯರ್ಸ್ ಪ್ಯಾನೆಲ್ಲೇ ಕಾಣುತ್ತಿಲ್ಲ ಅಂದರೆ ಎಫ್7 ಒತ್ತಿ. ಎಲ್ಲ ಪ್ಯಾನೆಲ್‌ಗಳೂ ಒಟ್ಟಿಗೆ ಮಾಯವಾಗಿದ್ದರೆ ಟ್ಯಾಬ್ ಕೀಗೆ ಕೈ ತಾಗಿದೆ, ಇನ್ನೊಮ್ಮೆ ಒತ್ತಿದರೆ ವಾಪಸ್ ಬರುತ್ತವೆ.

ಬ್ರಷ್ ಎಳೆಯುತ್ತೀರಿ, ಏನೂ ಆಗುವುದಿಲ್ಲ

ಎಲ್ಲರನ್ನೂ ಜಾಸ್ತಿ ಸತಾಯಿಸುವುದು ಇದೇ. ಪ್ಯಾನೆಲ್‌ನಲ್ಲಿ ಯಾವ ಸಾಲು ಹೈಲೈಟ್ ಆಗಿದೆ ನೋಡಿ. ನಿಮಗೆ ಬೇಕಾದ ಲೇಯರ್ ಅದೇನಾ? ಅದೇ ಆಗಿದ್ದರೆ ಅದರ ಮೇಲೆ ಬೇರೆ ಲೇಯರ್ ಪೂರ್ತಿ ಮುಚ್ಚಿಕೊಂಡು ಕೂತಿಲ್ಲ ತಾನೇ? ಕೆಳಗಿನ ಲೇಯರ್‌ನಲ್ಲಿ ಎಷ್ಟು ಬಣ್ಣ ಬಳಿದರೂ ಮೇಲಿನದು ಮರೆ ಮಾಡುತ್ತದೆ. ಇಲ್ಲಿ ಒಂದು ಒಳ್ಳೆಯ ಉಪಾಯ ಇದೆ: ಆಲ್ಟ್ ಒತ್ತಿಕೊಂಡು ಆ ಲೇಯರಿನ ಕಣ್ಣಿನ ಗುರುತಿನ ಮೇಲೆ ಕ್ಲಿಕ್ ಮಾಡಿ. ಉಳಿದೆಲ್ಲ ಲೇಯರ್‌ಗಳು ಮರೆಯಾಗಿ ಅದೊಂದೇ ಕಾಣುತ್ತದೆ. ಬಳಿದ ಬಣ್ಣ ಅಲ್ಲಿ ಸಿಕ್ಕಿತು ಅಂದರೆ ಬ್ರಷ್ ಚೆನ್ನಾಗಿಯೇ ಇದೆ. ಹಾಗೇ ಇನ್ನೊಮ್ಮೆ ಕ್ಲಿಕ್ ಮಾಡಿದರೆ ಎಲ್ಲ ವಾಪಸ್.

ಎರಡನೇ ಕಳ್ಳ ಲೇಯರ್ ಮಾಸ್ಕ್, ಅಂದರೆ ಲೇಯರಿನ ಯಾವ ಭಾಗ ಕಾಣಬೇಕು, ಯಾವುದು ಮರೆಯಾಗಬೇಕು ಅಂತ ಹೇಳುವ ಮುಸುಕು. ಕೆಂಪು ಬಣ್ಣ ಆರಿಸಿ ಬ್ರಷ್ ಎಳೆಯುತ್ತೀರಿ, ಕೆಂಪು ಬರುವ ಬದಲು ಫೋಟೋದ ಆ ಭಾಗವೇ ಅರ್ಧಂಬರ್ಧ ಮಾಸಿ ಹೋಗುತ್ತದೆ, ಇಲ್ಲವೇ ಏನೂ ಆಗುವುದೇ ಇಲ್ಲ. ಲೇಯರಿನ ಸಾಲಿನಲ್ಲಿ ಎರಡು ಪುಟ್ಟ ಚಿತ್ರಗಳಿರುತ್ತವೆ, ಎಡಗಡೆ ಫೋಟೋ, ಬಲಗಡೆ ಮಾಸ್ಕ್. ಯಾವುದರ ಸುತ್ತ ತೆಳು ಚೌಕಟ್ಟು ಇದೆಯೋ ಬ್ರಷ್ ಅದರ ಮೇಲೆ ಓಡುತ್ತದೆ. ಆ ಚೌಕಟ್ಟು ಎಷ್ಟು ತೆಳು ಅಂದರೆ ದೊಡ್ಡ ಸ್ಕ್ರೀನ್‌ನಲ್ಲೂ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ನಾನು ಅದನ್ನು ನಂಬುವುದಿಲ್ಲ, ಬೇರೆ ಎರಡು ಕಡೆ ನೋಡುತ್ತೇನೆ. ಒಂದು, ಟೂಲ್‌ಬಾರಿನ ಬಣ್ಣದ ಚೌಕ. ಕೆಂಪು ಆರಿಸಿದ್ದರೂ ಅದು ಬೂದು ಬಣ್ಣ ತೋರಿಸುತ್ತಿದ್ದರೆ ನೀವು ಮಾಸ್ಕ್ ಮೇಲಿದ್ದೀರಿ, ಯಾಕೆಂದರೆ ಮಾಸ್ಕ್‌ಗೆ ಕಪ್ಪು, ಬಿಳಿ, ನಡುವಿನ ಬೂದು ಬಿಟ್ಟು ಬೇರೆ ಬಣ್ಣ ಗೊತ್ತಿಲ್ಲ. ಎರಡು, ಫೈಲ್ ಹೆಸರು ಇರುವ ಟ್ಯಾಬ್. ಅಲ್ಲಿ ಹೆಸರಿನ ಪಕ್ಕ ಲೇಯರ್ ಮಾಸ್ಕ್ ಅಂತಲೇ ಬರೆದಿರುತ್ತದೆ. ಫೋಟೋದ ಪುಟ್ಟ ಚಿತ್ರದ ಮೇಲೆ ಒಂದು ಕ್ಲಿಕ್ ಸಾಕು, ಸರಿಹೋಗುತ್ತದೆ.

ಮಾಸ್ಕ್‌ನಲ್ಲಿ ಏನಾಗಿದೆ ಅಂತ ನೋಡಬೇಕಾದರೆ ಆಲ್ಟ್ ಒತ್ತಿ ಅದರ ಮೇಲೆ ಕ್ಲಿಕ್ ಮಾಡಿ. ಮಾಸ್ಕ್ ಮಾತ್ರ ದೊಡ್ಡದಾಗಿ ಕಾಣುತ್ತದೆ, ತಪ್ಪಿ ಬಿದ್ದ ಕಲೆಗಳೆಲ್ಲ ಅಲ್ಲೇ ಸಿಗುತ್ತವೆ. ಶಿಫ್ಟ್ ಒತ್ತಿ ಕ್ಲಿಕ್ ಮಾಡಿದರೆ ಮಾಸ್ಕ್ ಸ್ವಲ್ಪ ಹೊತ್ತು ಆಫ್ ಆಗುತ್ತದೆ. ಗಿಂಪ್‌ನಲ್ಲಿ ಆಫ್ ಮಾಡಲು ಶಿಫ್ಟ್ ಬದಲು ಕಂಟ್ರೋಲ್.

ಮೂರನೆಯದು ಕಣ್ಣಿಗೆ ಕಾಣದ ಸೆಲೆಕ್ಷನ್, ಅಂದರೆ ಕೆಲಸ ಮಾಡಲು ಆರಿಸಿಟ್ಟ ಜಾಗ. ಎಲ್ಲೋ ಮೂಲೆಯಲ್ಲಿ ಒಂದು ಪುಟ್ಟ ಸೆಲೆಕ್ಷನ್ ಉಳಿದುಬಿಟ್ಟಿದ್ದರೆ ಅದರ ಹೊರಗೆ ಬ್ರಷ್ ಏನೂ ಮಾಡುವುದಿಲ್ಲ. ಓಡುವ ಚುಕ್ಕಿಗೆರೆ ಕಾಣಬೇಕಲ್ವಾ ಅಂತೀರಾ? ಕಂಟ್ರೋಲ್+ಹೆಚ್ ಒತ್ತಿದ್ದರೆ ಗೆರೆ ಅಡಗಿರುತ್ತದೆ, ಸೆಲೆಕ್ಷನ್ ಮಾತ್ರ ಹಾಗೇ ಇರುತ್ತದೆ. ಫೆದರ್ (ಸೆಲೆಕ್ಷನ್ ಅಂಚನ್ನು ಮೃದು ಮಾಡುವುದು) ಜಾಸ್ತಿ ಕೊಟ್ಟು ಯಾವ ಪಿಕ್ಸೆಲ್ಲೂ 50%ಗಿಂತ ಹೆಚ್ಚು ಸೆಲೆಕ್ಟ್ ಆಗದಿದ್ದರೂ ಅಷ್ಟೇ. ಫೋಟೋಶಾಪ್ ಆಗ ಒಂದು ಎಚ್ಚರಿಕೆ ತೋರಿಸುತ್ತದೆ, ನಾವು ಓದದೆ ಓಕೆ ಒತ್ತಿರುತ್ತೇವೆ. ಹುಡುಕುತ್ತಾ ಕೂರಬೇಡಿ, ಸುಮ್ನೆ ಕಂಟ್ರೋಲ್+ಡಿ ಒತ್ತಿ. ಗಿಂಪ್‌ನಲ್ಲಿ ಕಂಟ್ರೋಲ್+ಶಿಫ್ಟ್+ಎ.

ಇಷ್ಟಾದರೂ ಆಗಲಿಲ್ಲವೆಂದರೆ ಮೇಲಿನ ಆಪ್ಷನ್ಸ್ ಬಾರ್ ನೋಡಿ. ಬ್ರಷ್ ಕೈಯಲ್ಲಿರುವಾಗ 1 ಒತ್ತಿದರೆ ಅಪಾಸಿಟಿ (ಬಣ್ಣದ ದಟ್ಟತೆ) 10%ಗೆ ಇಳಿಯುತ್ತದೆ, 0 ಒತ್ತಿದರೆ 100%. ಕೀಬೋರ್ಡ್ ಮೇಲೆ ಕೈ ಜಾರಿದರೆ ಸಾಕು. ಹಾಗೇ ಬ್ರಷ್‌ನ ಮೋಡ್ ಬಿಹೈಂಡ್ ಆಗಿದ್ದರೆ ಖಾಲಿ ಜಾಗದಲ್ಲಿ ಮಾತ್ರ ಬಣ್ಣ ಹತ್ತುತ್ತದೆ. ಅದಕ್ಕೆ ಸರೀ ಉಲ್ಟಾ, ಲಾಕ್ ಟ್ರಾನ್ಸ್‌ಪರೆಂಟ್ ಪಿಕ್ಸೆಲ್ಸ್ ಆನ್ ಆಗಿದ್ದರೆ ಖಾಲಿ ಜಾಗದಲ್ಲಿ ಹತ್ತುವುದೇ ಇಲ್ಲ. ಸ್ಲ್ಯಾಶ್ ಕೀ ತಪ್ಪಿ ಒತ್ತಿದರೂ ಅದು ಆನ್ ಆಗುತ್ತದೆ. ಇದನ್ನೆಲ್ಲ ಒಂದೊಂದಾಗಿ ನೋಡಲು ಬೇಜಾರಾದರೆ ಆಪ್ಷನ್ಸ್ ಬಾರಿನ ಎಡತುದಿಯ ಟೂಲ್ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ರೀಸೆಟ್ ಟೂಲ್ ಕೊಡಿ. ಆ ಟೂಲ್ ಒಂದೇ ಮೊದಲಿನಂತಾಗುತ್ತದೆ. ಲಾಕ್ ಮಾತ್ರ ಲೇಯರಿಗೆ ಸೇರಿದ್ದು, ಅದನ್ನು ಲೇಯರ್ಸ್ ಪ್ಯಾನೆಲ್‌ನಲ್ಲೇ ತೆಗೆಯಬೇಕು.

ಎರೇಸರ್ ಎಳೆದರೆ ಬಿಳಿ ಬರುತ್ತದೆ

ಜೆಪೆಗ್ ಫೋಟೋ ತೆರೆದಾಗ ಅದು ಬ್ಯಾಕ್‌ಗ್ರೌಂಡ್ ಅನ್ನುವ ಲೇಯರ್ ಆಗಿ ಬರುತ್ತದೆ. ಅದರಲ್ಲಿ ಪಾರದರ್ಶಕ ಜಾಗ ಇರಲು ಸಾಧ್ಯವಿಲ್ಲ, ಹಾಗಾಗಿ ಅಳಿಸಿದ ಕಡೆ ಹಿನ್ನೆಲೆಯ ಬಣ್ಣ ತುಂಬುತ್ತದೆ. ಬೀಗದ ಗುರುತಿನ ಮೇಲೆ ಒಂದು ಕ್ಲಿಕ್ ಮಾಡಿ, ಅದು ಮಾಮೂಲಿ ಲೇಯರ್ ಆಗುತ್ತದೆ. ಗಿಂಪ್‌ನಲ್ಲಿ ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ ಆ್ಯಡ್ ಆಲ್ಫಾ ಚಾನೆಲ್ ಕೊಡಬೇಕು. ಫೋಟೋಶಾಪ್‌ನಲ್ಲಿ ಜಿಫ್ ಫೈಲ್ ತೆರೆದು ಲೇಯರ್ ಹೆಸರು ಇಂಡೆಕ್ಸ್ ಅಂತ ಬಂದರೆ, ಇಮೇಜ್ ಮೆನುವಿನ ಮೋಡ್‌ಗೆ ಹೋಗಿ ಆರ್‌ಜಿಬಿ ಮಾಡಿ. ಅಲ್ಲಿಯವರೆಗೆ ಹೊಸ ಲೇಯರ್ ಕೂಡ ಹಾಕಲು ಬಿಡುವುದಿಲ್ಲ.

ಒಂದನ್ನು ಎಳೆದರೆ ಇನ್ನೊಂದು ಬರುತ್ತದೆ

ಮೂವ್ ಟೂಲ್‌ನಲ್ಲಿ ಆಟೋ-ಸೆಲೆಕ್ಟ್ ಆನ್ ಇದ್ದರೆ, ಪ್ಯಾನೆಲ್‌ನಲ್ಲಿ ನೀವು ಆರಿಸಿದ್ದಕ್ಕೆ ಬೆಲೆ ಇಲ್ಲ, ಮೌಸ್ ಕೆಳಗೆ ಸಿಕ್ಕಿದ ಲೇಯರನ್ನೇ ಅದು ಹಿಡಿದು ಎಳೆಯುತ್ತದೆ. ನಾನಂತೂ ಇದನ್ನು ಯಾವಾಗಲೂ ಆಫ್ ಇಡುತ್ತೇನೆ. ಬೇಕೆನಿಸಿದಾಗ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿದರೆ ಆ ಕ್ಷಣಕ್ಕೆ ಅದೇ ಕೆಲಸ ಆಗುತ್ತದೆ. ಒಂದರ ಮೇಲೊಂದು ತುಂಬಾ ಲೇಯರ್‌ಗಳಿದ್ದರೆ ಮೂವ್ ಟೂಲ್ ಹಿಡಿದು ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ, ಆ ಬಿಂದುವಿನ ಕೆಳಗಿರುವ ಲೇಯರ್‌ಗಳ ಹೆಸರು ಬರುತ್ತವೆ. (ಹೆಸರೇ ಇಡದೆ ಲೇಯರ್ 14, ಲೇಯರ್ 14 ಕಾಪಿ 3 ಅಂತ ಬಿಟ್ಟಿದ್ದರೆ ಈ ಪಟ್ಟಿಯಿಂದ ಏನೂ ಪ್ರಯೋಜನ ಇಲ್ಲ ಬಿಡಿ.)

ಗಿಂಪ್‌ನಲ್ಲಿ ಇನ್ನೊಂದು ಥರದ ಕಾಟ. ಅಲ್ಲಿ ಪ್ರತಿ ಲೇಯರಿಗೂ ತನ್ನದೇ ಅಂಚು ಇದೆ, ಚುಕ್ಕಿಗೆರೆಯಲ್ಲಿ ಕಾಣುತ್ತದೆ. ಅದರಾಚೆ ಬ್ರಷ್ ಸಾಮಾನ್ಯವಾಗಿ ಓಡುವುದಿಲ್ಲ. ಲೇಯರ್ ಮೆನುವಿನಲ್ಲಿ ಲೇಯರ್ ಟು ಇಮೇಜ್ ಸೈಜ್ ಕೊಟ್ಟರೆ ಅಂಚು ಚಿತ್ರದಷ್ಟೇ ದೊಡ್ಡದಾಗುತ್ತದೆ. ಇನ್ನು 2.10 ಆವೃತ್ತಿಯಲ್ಲಿ ಏನನ್ನಾದರೂ ಪೇಸ್ಟ್ ಮಾಡಿದರೆ ಅದು ಫ್ಲೋಟಿಂಗ್ ಸೆಲೆಕ್ಷನ್ ಆಗಿ ನೇತಾಡುತ್ತಿರುತ್ತದೆ, ಅದನ್ನು ಹೊಸ ಲೇಯರ್ ಮಾಡುವವರೆಗೆ ಅಥವಾ ಆ್ಯಂಕರ್ ಮಾಡುವವರೆಗೆ (ಕೆಳಗಿನ ಲೇಯರಿಗೆ ಸೇರಿಸುವವರೆಗೆ) ಬೇರೆ ಲೇಯರ್ ಮುಟ್ಟಲು ಬಿಡುವುದಿಲ್ಲ. 2025ರಲ್ಲಿ ಬಂದ 3.0ದಲ್ಲಿ ಪೇಸ್ಟ್ ಮಾಡಿದ್ದು ನೇರವಾಗಿ ಹೊಸ ಲೇಯರ್ ಆಗುತ್ತದೆ. ಇದೊಂದಕ್ಕಾದರೂ ಹೊಸದಕ್ಕೆ ಹೋಗಿ ಅಂತೀನಿ.

ಒಂದಕ್ಕೆ ಹಾಕಿದ ಕರ್ವ್ಸ್ ಎಲ್ಲದಕ್ಕೂ ಹತ್ತಿತು

ಬೆಳಕು, ಬಣ್ಣ ತಿದ್ದುವ ಕರ್ವ್ಸ್‌ನಂಥ ಅಡ್ಜಸ್ಟ್‌ಮೆಂಟ್ ಲೇಯರ್ ಇರುವುದೇ ಹಾಗೆ, ತನ್ನ ಕೆಳಗಿರುವ ಎಲ್ಲದರ ಮೇಲೂ ಕೆಲಸ ಮಾಡುತ್ತದೆ. ಕೆಳಗಿನ ಒಂದಕ್ಕೇ ಬೇಕಾದರೆ ಕಂಟ್ರೋಲ್+ಆಲ್ಟ್+ಜಿ ಒತ್ತಿ. ಪುಟ್ಟ ಬಾಗಿದ ಬಾಣ ಬಂದರೆ ಕ್ಲಿಪ್ ಆಯಿತು, ಕೆಳಗಿನದಕ್ಕೆ ಮಾತ್ರ ಕಟ್ಟಿಕೊಂಡಿತು ಅಂತ ಅರ್ಥ. ಒಂದು ಗುಂಪಿಗೆ ಮಾತ್ರ ಬೇಕಾದರೆ ಗ್ರೂಪ್ ಒಳಗೆ ಹಾಕಿ, ಗ್ರೂಪಿನ ಬ್ಲೆಂಡ್ ಮೋಡನ್ನು (ಕೆಳಗಿನದರ ಜೊತೆ ಬೆರೆಯುವ ಬಗೆಯನ್ನು) ಪಾಸ್ ಥ್ರೂನಿಂದ ನಾರ್ಮಲ್‌ಗೆ ಬದಲಿಸಿ. ಪಾಸ್ ಥ್ರೂ ಅಂತಲೇ ಬಿಟ್ಟರೆ ಒಳಗಿನ ಕರ್ವ್ಸ್ ಗ್ರೂಪ್ ದಾಟಿ ಕೆಳಕ್ಕೂ ಇಳಿಯುತ್ತದೆ. ಆದರೆ ನಾರ್ಮಲ್ ಮಾಡಿದಾಗ ಒಳಗಿರುವ ಮಲ್ಟಿಪ್ಲೈ, ಸ್ಕ್ರೀನ್ ಲೇಯರ್‌ಗಳು ಕೂಡ ಗ್ರೂಪಿನೊಳಗೇ ನಿಲ್ಲುತ್ತವೆ, ನೋಟ ಬದಲಾದೀತು.

ಲೇಯರ್‌ಗಳೇ ಕಾಣೆ

ಫೋಟೋದಲ್ಲಿ ಇದೆ, ಪ್ಯಾನೆಲ್‌ನಲ್ಲಿ ಇಲ್ಲ ಅಂದರೆ ಪ್ಯಾನೆಲ್‌ನ ತಲೆಯಲ್ಲಿರುವ ಫಿಲ್ಟರ್ ಸಾಲು ನೋಡಿ. ಬಲತುದಿಯ ಪುಟ್ಟ ಸ್ವಿಚ್ ಕೆಂಪಾಗಿದ್ದರೆ ಫಿಲ್ಟರ್ ಆನ್ ಇದೆ, ಒಂದು ಬಗೆಯ ಲೇಯರ್ ಮಾತ್ರ ತೋರಿಸುತ್ತಿದೆ. ಪ್ಯಾನೆಲ್‌ನಲ್ಲಿ ಇದೆ, ಫೋಟೋದಲ್ಲಿ ಇಲ್ಲ ಅಂದರೆ ಅಪಾಸಿಟಿ ಜೊತೆಗೆ ಅದರ ಹತ್ತಿರವೇ ಇರುವ ಫಿಲ್ ಶೇಕಡಾವಾರು ಕೂಡ ನೋಡಿ, ಲೇಯರ್ ಸೇರಿದ ಗ್ರೂಪಿನ ಕಣ್ಣೂ ನೋಡಿ.

ಇದನ್ನು ಎಡಿಟ್ ಮಾಡಲಾಗದು ಅನ್ನುತ್ತದೆ

ಅದು ಸ್ಮಾರ್ಟ್ ಆಬ್ಜೆಕ್ಟ್ (ಮೂಲ ಚಿತ್ರವನ್ನು ಹಾಗೇ ಒಳಗಿಟ್ಟುಕೊಂಡ ಲೇಯರ್) ಅಥವಾ ಟೆಕ್ಸ್ಟ್ ಲೇಯರ್. ರಾಸ್ಟರೈಸ್ ಮಾಡಲಾ, ಅಂದರೆ ಬರೀ ಪಿಕ್ಸೆಲ್ ಆಗಿ ಬದಲಿಸಲಾ ಅಂತ ಕೇಳಿದ ಕೂಡಲೇ ಹೂಂ ಅನ್ನಬೇಡಿ. ಮಾಡಿದರೆ ಅಕ್ಷರ ತಿದ್ದಲು ಆಗುವುದಿಲ್ಲ, ಚಿಕ್ಕದು ಮಾಡಿದ ಫೋಟೋ ಮತ್ತೆ ದೊಡ್ಡದು ಮಾಡಿದರೆ ಮಸುಕಾಗುತ್ತದೆ. ಕಲೆ ತೆಗೆಯಬೇಕಿದ್ದರೆ ಮೇಲೊಂದು ಖಾಲಿ ಲೇಯರ್ ಹಾಕಿ, ಕ್ಲೋನ್ ಸ್ಟ್ಯಾಂಪ್ ಹಿಡಿದು ಸ್ಯಾಂಪಲ್ ಅನ್ನುವಲ್ಲಿ ಕರೆಂಟ್ ಅಂಡ್ ಬಿಲೋ ಆರಿಸಿ. ಅಲ್ಲಿ ಕರೆಂಟ್ ಲೇಯರ್ ಅಂತಲೇ ಇದ್ದರೆ ಖಾಲಿಯಿಂದ ಖಾಲಿಯನ್ನೇ ಎತ್ತಿ ಅಂಟಿಸುತ್ತದೆ, ನೀವು ಟೂಲ್ ಕೆಟ್ಟಿದೆ ಅಂದುಕೊಳ್ಳುತ್ತೀರಿ.

ಮೆನು ಪೂರ್ತಿ ಮಂಕಾಗಿದ್ದರೆ ಯಾವುದೋ ಟ್ರಾನ್ಸ್‌ಫಾರ್ಮ್ ಅಥವಾ ಟೈಪಿಂಗ್ ಅರ್ಧಕ್ಕೆ ನಿಂತಿದೆ. ಎಸ್ಕೇಪ್ ಒತ್ತಿ.

ಎಲ್ಲ ಲೇಯರ್ ಸೇರಿ ಒಂದಾಗಿ ಹೋಗಿದ್ದರೆ, ಫೈಲ್ ಇನ್ನೂ ತೆರೆದಿರುವಾಗಲೇ ಹಿಸ್ಟರಿ ಪ್ಯಾನೆಲ್‌ನಲ್ಲಿ ಹಿಂದಕ್ಕೆ ಹೋಗಿ. ಸೇವ್ ಮಾಡಿ ಮುಚ್ಚಿದ ಮೇಲೆ ಆ ದಾರಿ ಇಲ್ಲ. ಜೆಪೆಗ್‌ನಲ್ಲಿ ಲೇಯರ್ ಉಳಿಯುವುದೂ ಇಲ್ಲ, ಪಿಎಸ್‌ಡಿ ಅಥವಾ ಗಿಂಪ್‌ನ ಎಕ್ಸ್‌ಸಿಎಫ್ ಬೇಕು. ಫೈಲ್ 2 ಜಿಬಿ ದಾಟಿದರೆ ಅಥವಾ ಒಂದು ಬದಿ 30,000 ಪಿಕ್ಸೆಲ್ ಮೀರಿದರೆ ಪಿಎಸ್‌ಡಿಯೂ ಸಾಲದು, ಪಿಎಸ್‌ಬಿಯಲ್ಲಿ ಸೇವ್ ಮಾಡಿ.

ಇದೆಲ್ಲ ನೋಡಿಯೂ ಸರಿಹೋಗದಿದ್ದರೆ ಒಂದು ಹೊಸ ಖಾಲಿ ಫೈಲ್ ತೆರೆದು, ಹೊಸ ಲೇಯರ್ ಹಾಕಿ ಬ್ರಷ್ ಎಳೆದು ನೋಡಿ. ಅಲ್ಲಿ ಬಂದರೆ ತೊಂದರೆ ನಿಮ್ಮ ಹಳೆಯ ಫೈಲ್‌ನಲ್ಲೇ ಇದೆ, ರೀಸೆಟ್ ಮಾಡಿ ಲಾಭವಿಲ್ಲ. ಅಲ್ಲೂ ಬರಲಿಲ್ಲ, ಇಲ್ಲವೇ ಲೇಯರ್‌ಗಳು ಸ್ಕ್ರೀನ್ ಮೇಲೆ ಚೂರುಚೂರಾಗಿ ಕಾಣುತ್ತಿವೆ ಅಂದರೆ ಪ್ರಿಫರೆನ್ಸಸ್‌ನ ಪರ್ಫಾರ್ಮೆನ್ಸ್‌ಗೆ ಹೋಗಿ ಗ್ರಾಫಿಕ್ಸ್ ಪ್ರೊಸೆಸರ್ ಟಿಕ್ ತೆಗೆದು, ಫೋಟೋಶಾಪ್ ಮುಚ್ಚಿ ತೆರೆಯಿರಿ. ಆಗಲೂ ಹಾಗೇ ಇದ್ದರೆ ಮಾತ್ರ ರೀಸೆಟ್. ಅದಕ್ಕೆ ಮುಂಚೆ ನಿಮ್ಮ ಆ್ಯಕ್ಷನ್ಸ್ (ರೆಕಾರ್ಡ್ ಮಾಡಿಟ್ಟ ಕೆಲಸದ ಹಂತಗಳು), ಬ್ರಷ್‌ಗಳನ್ನು ಬೇರೆ ಕಡೆ ಸೇವ್ ಮಾಡಿಟ್ಟುಕೊಳ್ಳಿ, ಆಮೇಲೆ ಫೋಟೋಶಾಪ್ ಶುರುವಾಗುವಾಗ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ.