ಶೆರ್ ಅವರ ಅರವತ್ತು ವರ್ಷ: ಹಾಡು, ಸಿನಿಮಾ ಒಟ್ಟಿಗೆ ಜೋಡಿಸಿದ ಬಗೆ

ಒಬ್ಬ ಗಾಯಕಿಯ ನಾಲ್ಕೈದು ಆಲ್ಬಂ ಇದ್ದರೆ ಹೇಗಿಟ್ಟರೂ ನಡೆಯುತ್ತದೆ. ಅಮೆರಿಕದ ಶೆರ್ ವಿಷಯದಲ್ಲಿ ಹಾಗಲ್ಲ. ಸನ್ನಿ ಬೋನೊ ಜೊತೆ ಹಾಡಿದ ‘ಐ ಗಾಟ್ ಯು ಬೇಬ್’ 1965ರಲ್ಲಿ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ‘ಬಿಲೀವ್’ 1999ರಲ್ಲಿ ಅದೇ ಜಾಗಕ್ಕೆ ಬಂದಾಗ ಆಕೆಗೆ 52 ವರ್ಷ. ಕ್ರಿಸ್‌ಮಸ್ ಆಲ್ಬಂ ಬಂದದ್ದು 2023ರಲ್ಲಿ. ಇಂಪೀರಿಯಲ್, ಆಟ್ಕೊ, ಕ್ಯಾಪ್, ಎಂಸಿಎ, ವಾರ್ನರ್, ಕಾಸಾಬ್ಲಾಂಕಾ, ಕೊಲಂಬಿಯಾ, ಗೆಫೆನ್ ಹೀಗೆ ಕಂಪನಿಗಳೂ ಹಲವು. ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಸುಮ್ಮನೆ ಸುರಿದರೆ ಕಲಸುಮೇಲೋಗರ ಗ್ಯಾರಂಟಿ.

ಮೊದಲ ತೊಡಕು ಹೆಸರಿನದು. 1966ರ ಒಂದು ಆಲ್ಬಂ, 1971ರ ಒಂದು, 1987ರ ಇನ್ನೊಂದು, ಮೂರಕ್ಕೂ ಆಕೆಯ ಹೆಸರೇ ಶೀರ್ಷಿಕೆ. 1971ರದ್ದು ಆಮೇಲೆ ‘ಜಿಪ್ಸೀಸ್, ಟ್ರ್ಯಾಂಪ್ಸ್ ಅಂಡ್ ಥೀವ್ಸ್’ ಎಂಬ ಹೆಸರಿನಲ್ಲಿ ಮತ್ತೆ ಬಂತು. ಹಾಡಿನ ಫೈಲಿಗೆ ಹೆಸರು, ವರ್ಷದಂಥ ವಿವರಗಳ ಟ್ಯಾಗ್ ಹಾಕುವ ಸಾಫ್ಟ್‌ವೇರ್ ಈ ಮೂರನ್ನೂ ಒಂದೇ ಆಲ್ಬಂ ಅಂದುಕೊಂಡು ಹಾಡುಗಳನ್ನು ಬೆರೆಸಿಬಿಡುತ್ತದೆ: ಒಂದನೇ ಹಾಡು ಮೂರು, ಎರಡನೇ ಹಾಡು ಮೂರು. ಅದಕ್ಕೆ ನಾನು ಫೋಲ್ಡರ್ ಹೆಸರನ್ನು ವರ್ಷ, ಕಂಪನಿ, ಕ್ಯಾಟಲಾಗ್ ನಂಬರ್ (ಪ್ರತಿ ರೆಕಾರ್ಡಿಗೆ ಕಂಪನಿ ಕೊಡುವ ಸಂಖ್ಯೆ), ಶೀರ್ಷಿಕೆ ಎಂಬ ಕ್ರಮದಲ್ಲಿ ಇಡುತ್ತೇನೆ. ನಂಬರನ್ನು ಹೊದಿಕೆಯಿಂದಲ್ಲ, ರೆಕಾರ್ಡಿನ ಲೇಬಲ್ಲಿನಿಂದಲೇ ಬರೆದುಕೊಳ್ಳಬೇಕು. ಹಳೆ ಅಂಗಡಿಯ ಮಾಲಿನಲ್ಲಿ ಹೊದಿಕೆ ಒಂದು, ಒಳಗಿನ ರೆಕಾರ್ಡ್ ಇನ್ನೊಂದು ಆಗಿರುವುದು ಅಪರೂಪವಲ್ಲ. ಆರಂಭದ ವರ್ಷಗಳ ಹೊದಿಕೆಗಳಲ್ಲಿ ಇಂಗ್ಲಿಷ್ ಹೆಸರಿನ ಮೂರನೇ ಅಕ್ಷರದ ಮೇಲೆ ಒಂದು ಗೆರೆಯೂ ಇರುತ್ತದೆ. ಅದನ್ನು ಹಾಗೆಯೇ ಟ್ಯಾಗಿಗೆ ಹಾಕಿದರೆ ಅದೇ ಗಾಯಕಿ ಪಟ್ಟಿಯಲ್ಲಿ ಇಬ್ಬರಾಗುತ್ತಾರೆ.

ಆಕೆ ಹಾಡಿದ ಬೇರೆ ಹೆಸರುಗಳೂ ಇವೆ. 1964ರಲ್ಲಿ ಬಾನಿ ಜೋ ಮೇಸನ್, ಚೆರಿಲಿನ್. ಸನ್ನಿ ಜೊತೆ ಸೀಸರ್ ಅಂಡ್ ಕ್ಲಿಯೊ. 1977ರಲ್ಲಿ ಗ್ರೆಗ್ ಆಲ್ಮನ್ ಜೊತೆ ಆಲ್ಮನ್ ಅಂಡ್ ವುಮನ್. 1980ರಲ್ಲಿ ಬ್ಲ್ಯಾಕ್ ರೋಸ್ ಎಂಬ ತಂಡ. ಇವನ್ನು ತಿದ್ದಿ ‘ಶೆರ್’ ಮಾಡಬಾರದು. ಆರ್ಟಿಸ್ಟ್ ಎಂಬಲ್ಲಿ ಅಚ್ಚಾದ ಹೆಸರೇ ಇರಲಿ. ಬೇರೆ ಒಂದು ಖಾನೆಯಲ್ಲಿ ಎಲ್ಲಕ್ಕೂ ಒಂದೇ ಹೆಸರು ಹಾಕಿ, ಹುಡುಕುವಾಗ ಅದರಿಂದ ಹುಡುಕಿ.

ಇನ್ನು ರೆಕಾರ್ಡಿನಿಂದ ಕಂಪ್ಯೂಟರಿಗೆ. ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ರೆಕಾರ್ಡಿನಲ್ಲಿ ಧೂಳಿಗಿಂತ ಬೂಷ್ಟೇ ದೊಡ್ಡ ಶತ್ರು. ಮೂರು ಪಾಲು ಡಿಸ್ಟಿಲ್ಡ್ ವಾಟರ್, ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ, ಮೈಕ್ರೊಫೈಬರ್ ಬಟ್ಟೆಯಲ್ಲಿ ಗೆರೆಗಳ ಗುಂಟವೇ ಒರೆಸುತ್ತೇನೆ, ಅಡ್ಡಡ್ಡ ಅಲ್ಲ. ಲೇಬಲ್ ಒದ್ದೆಯಾಗಬಾರದು. ಮತ್ತೊಮ್ಮೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಒರೆಸಿ, ನಿಲ್ಲಿಸಿ ಒಣಗಿಸಬೇಕು. ಈ ಮಿಶ್ರಣ ವಿನೈಲಿಗೆ ಮಾತ್ರ. 78ರ ವೇಗದ ಅರಗಿನ ರೆಕಾರ್ಡಿಗೆ ಆಲ್ಕೋಹಾಲ್ ತಾಗಿಸಿದರೆ ಮೇಲ್ಮೈಯೇ ಕರಗುತ್ತದೆ.

ಮುಳ್ಳಿನ ಭಾರ ಕಾರ್ಟ್ರಿಜ್ (ಮುಳ್ಳನ್ನು ಹಿಡಿದಿರುವ ಭಾಗ) ತಯಾರಕರು ಹೇಳಿದಷ್ಟೇ ಇರಬೇಕು. ನನ್ನದಕ್ಕೆ 2 ಗ್ರಾಂ. ರೆಕಾರ್ಡ್ ಸವೆಯುತ್ತದೆ ಎಂಬ ಭಯಕ್ಕೆ ಇನ್ನೂ ಹಗುರ ಮಾಡಿದರೆ ಮುಳ್ಳು ಗೆರೆಯೊಳಗೆ ಕುಣಿದು ಗೆರೆಯನ್ನೇ ಕೆಡಿಸುತ್ತದೆ. ಇದನ್ನು ಪತ್ತೆ ಮಾಡುವುದು ಸುಲಭ: ಪ್ರತಿ ಬದಿಯ ಕೊನೆಯ ಹಾಡಿನಲ್ಲಿ ‘ಸ’, ‘ಶ’ ಸದ್ದುಗಳು ಸಿಡಿಯುತ್ತವೆ. ಶೆರ್ ಅವರದು ತಗ್ಗಿನ, ದಪ್ಪ ಕಂಠ. ಅದರ ಮೇಲೆ ಈ ಸಿಡಿತ ಬಹಳ ಎದ್ದು ಕಾಣುತ್ತದೆ.

24 ಬಿಟ್, 96 ಕಿಲೋಹರ್ಟ್ಜ್‌ನಲ್ಲಿ ದಾಖಲಿಸುತ್ತೇನೆ. 20 ನಿಮಿಷದ ಒಂದು ಬದಿಗೆ ಸುಮಾರು 690 ಎಂಬಿ ಬೇಕು. ಅತಿ ಜೋರಿನ ಜಾಗದಲ್ಲೂ ಮಟ್ಟ ಮೈನಸ್ 6 ಡೆಸಿಬಲ್ ದಾಟದಿರಲಿ. 60ರ ದಶಕದ ಮಾನೊ ರೆಕಾರ್ಡನ್ನು ಸ್ಟೀರಿಯೊ ಮುಳ್ಳಿನಲ್ಲಿ ನುಡಿಸಿದರೆ ಎಡಬಲ ಎರಡನ್ನೂ ಕೂಡಿಸಿ ಒಂದು ಮಾಡಬೇಕು. ಮುಳ್ಳು ಮೇಲೆ ಕೆಳಗೆ ಅಲುಗಿ ಹುಟ್ಟುವ ಗದ್ದಲ ಬಹುಮಟ್ಟಿಗೆ ಅಲ್ಲೇ ಕಳೆಯುತ್ತದೆ. ಟಿಕ್ ಟಿಕ್ ಸದ್ದು ತೆಗೆಯುವ ಫಿಲ್ಟರನ್ನು ಇಡೀ ಹಾಡಿನ ಮೇಲೆ ಜೋರಾಗಿ ಎಳೆಯಬೇಡಿ. ಟ್ಯಾಂಬರಿನ್ನಿನ ಗೆಜ್ಜೆಸದ್ದನ್ನೂ ಅದು ಗೀರು ಅಂದುಕೊಂಡು ತಿಂದುಹಾಕುತ್ತದೆ, ಆ ಕಾಲದ ಪಾಪ್ ಹಾಡಿನ ಜೀವವೇ ಅಲ್ಲಿರುತ್ತದೆ. ದೊಡ್ಡ ಗೀರುಗಳನ್ನು ಅಲೆಯ ಚಿತ್ರ ಹಿಗ್ಗಿಸಿ ಒಂದೊಂದಾಗಿ ಕೈಯಲ್ಲೇ ತೆಗೆಯುತ್ತೇನೆ.

ಸಿನಿಮಾಕ್ಕೆ ಬೇರೆ ಪಟ್ಟಿ ಮಾಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಬರೀ ಆಲ್ಬಂ ನೋಡಿದರೆ 1982ರ ‘ಐ ಪ್ಯಾರಲೈಜ್’ ಆದಮೇಲೆ 1987ರವರೆಗೆ ಏನೂ ಇಲ್ಲ. ಗಾಯಕಿ ಮೂಲೆಗೆ ಸರಿದಿದ್ದರು ಅನ್ನಿಸುತ್ತದೆ. ಆಲ್ಬಂಗಳ ಪಟ್ಟಿ ಇರುವ ಸ್ಪ್ರೆಡ್‌ಶೀಟಿಗೇ ನಟನೆಯನ್ನೂ ಸೇರಿಸಿ. 1982ರ ಆರಂಭದಲ್ಲಿ ರಾಬರ್ಟ್ ಆಲ್ಟ್‌ಮನ್ ನಿರ್ದೇಶನದ ಬ್ರಾಡ್‌ವೇ ನಾಟಕ, ಅದೇ ವರ್ಷ ಅದರ ಸಿನಿಮಾ. 1983ರ ಡಿಸೆಂಬರಿನಲ್ಲಿ ‘ಸಿಲ್ಕ್‌ವುಡ್’, ಅದಕ್ಕೆ ಗೋಲ್ಡನ್ ಗ್ಲೋಬ್. 1985ರಲ್ಲಿ ‘ಮಾಸ್ಕ್’, ಕಾನ್ ಉತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ. ಖಾಲಿ ಕಂಡ ಜಾಗದಲ್ಲೇ ಆಕೆಯ ನಟನೆಯ ಫಸಲು ಬಂದಿದೆ. 1987ಕ್ಕೆ ಬಂದರೆ ವರ್ಷದ ಕಾಲಂ ಒಂದೇ ಸಾಲದು, ತಿಂಗಳೂ ಬೇಕು: ಜೂನ್, ಅಕ್ಟೋಬರ್, ಡಿಸೆಂಬರಿನಲ್ಲಿ ಒಂದೊಂದು ಸಿನಿಮಾ, ನವೆಂಬರಿನಲ್ಲಿ ಗೆಫೆನ್‌ನ ಆಲ್ಬಂ. ಡಿಸೆಂಬರಿನ ‘ಮೂನ್‌ಸ್ಟ್ರಕ್’ಗೆ ಮುಂದಿನ ಏಪ್ರಿಲಿನಲ್ಲಿ ಆಸ್ಕರ್ ಬಂತು. ಪ್ರಶಸ್ತಿಗೆ ಬೇರೆ ಸಾಲು ಮಾಡಿ, ಕೊಟ್ಟ ದಿನವನ್ನೇ ಬರೆಯುವುದು ನನ್ನ ಪದ್ಧತಿ.

ಟಿಪ್ಪಣಿಯ ಕಾಲಂ ತುಂಬುವಾಗ ಹಳೆಯ ಸಂದರ್ಶನಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. 1998ರ ‘ಬಿಲೀವ್’ನಲ್ಲಿ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರದೆ ಮೆಟ್ಟಿಲು ಹತ್ತಿದಂತೆ ಜಿಗಿಯುತ್ತದಲ್ಲ, ಅದು ವೊಕೋಡರ್ ಎಂಬ ದನಿ ಬದಲಿಸುವ ಯಂತ್ರದ ಕೆಲಸ ಎಂದು ಹಾಡಿನ ನಿರ್ಮಾಪಕರು ಆಗ ಹೇಳಿಕೊಂಡಿದ್ದರು. ನಿಜವಾಗಿ ಅದು 1997ರಲ್ಲಿ ಬಂದ, ತಪ್ಪಿದ ಸ್ವರ ತಿದ್ದುವ ಆಂಟಾರೆಸ್ ಕಂಪನಿಯ ಸಾಫ್ಟ್‌ವೇರ್ ಆಟೊ-ಟ್ಯೂನ್. ತಿದ್ದುವ ವೇಗವನ್ನು ಸೊನ್ನೆಗೆ ಇಟ್ಟು ಪಡೆದ ಪರಿಣಾಮ. ಈ ಸಿ.ಡಿ.ಗೆ ಯಾವ ಫಿಲ್ಟರನ್ನೂ ಹಾಕಬಾರದು. 1966ರ ಎಲ್‌ಪಿ ಪಕ್ಕದಲ್ಲಿ ಇದು ವಿಪರೀತ ಜೋರು ಕೇಳಿಸುವುದಕ್ಕೆ ಫೈಲಿನ ಅಲೆಯನ್ನೇ ತಗ್ಗಿಸುವ ಅಗತ್ಯವಿಲ್ಲ. ರೀಪ್ಲೇಗೇನ್ ಟ್ಯಾಗ್ ಹಾಕಿದರೆ ಪ್ಲೇಯರ್ ತಾನೇ ಸರಿದೂಗಿಸುತ್ತದೆ. ಹಾಡಿನ ಲೆಕ್ಕದಲ್ಲಿ ಅಲ್ಲ, ಆಲ್ಬಂ ಲೆಕ್ಕದಲ್ಲಿ ಹಾಕಿ. ಇಲ್ಲವಾದರೆ ಮೆಲುದನಿಯ ಹಾಡೂ ಕುಣಿತದ ಹಾಡಿನಷ್ಟೇ ಜೋರಾಗುತ್ತದೆ.

ನಕಲು ಫೈಲು ಅಳಿಸುವ ಸಾಫ್ಟ್‌ವೇರನ್ನು ಈ ಫೋಲ್ಡರಿನ ಹತ್ತಿರಕ್ಕೂ ಬಿಡಬೇಡಿ. ‘ಶೂಪ್ ಶೂಪ್ ಸಾಂಗ್’ 1990ರ ‘ಮರ್ಮೇಡ್ಸ್’ ಚಿತ್ರದ ಹಾಡು, 1991ರ ‘ಲವ್ ಹರ್ಟ್ಸ್’ ಆಲ್ಬಂನಲ್ಲೂ ಇದೆ. ಒಂದನ್ನು ತೆಗೆದರೆ ಇನ್ನೊಂದು ಕಡೆ ಹಲ್ಲು ಬಿದ್ದಂತೆ ಕಾಣುತ್ತದೆ. ‘ಇಟ್ಸ್ ಎ ಮ್ಯಾನ್ಸ್ ವರ್ಲ್ಡ್’ ಬ್ರಿಟನ್ನಿನಲ್ಲಿ 1995ರಲ್ಲಿ, ಅಮೆರಿಕದಲ್ಲಿ 1996ರಲ್ಲಿ ಬಂತು. ಅಮೆರಿಕದ ಆವೃತ್ತಿಯಲ್ಲಿ ಹಾಡುಗಳು ಕಡಿಮೆ, ಕೆಲವದರ ಮಿಕ್ಸಿಂಗ್ ಕೂಡ ಬೇರೆ. ಎರಡನ್ನೂ ಇಡಿ: ಮೂಲ ಬಿಡುಗಡೆಯ ವರ್ಷ ಎಂಬ ಖಾನೆಯಲ್ಲಿ ಎರಡಕ್ಕೂ 1995, ಈ ಆವೃತ್ತಿಯ ವರ್ಷ ಎಂಬಲ್ಲಿ ಅವುಗಳವುಗಳದ್ದು. ಪಟ್ಟಿಯನ್ನು ಮೂಲ ಬಿಡುಗಡೆಯ ವರ್ಷದ ಪ್ರಕಾರವೇ ಜೋಡಿಸಬೇಕು.